ಹದಿನೆಂಟು ಮೀಟರಿನ ಇರುವೆ: ರೋಬೆರ್ ದೆಸ್ನೋಸ್‌ನಿಂದ ದಿನನಿತ್ಯದ ಬೆರಗು ಕಲಿಯುವ ಬಗೆ

ಫ್ರೆಂಚ್ ಕವಿ ರೋಬೆರ್ ದೆಸ್ನೋಸ್‌ನ ಅಪ್ಪ ಪ್ಯಾರಿಸ್ಸಿನ ಲೇ ಆಲ್ ಸಗಟು ಮಾರುಕಟ್ಟೆಯಲ್ಲಿ ಕೋಳಿ ಮತ್ತು ಬೇಟೆಹಕ್ಕಿಗಳ ದಲ್ಲಾಳಿ. ಮಗ ಹುಟ್ಟಿದ್ದು 1900ರ ಜುಲೈ 4ರಂದು. ಆ ಮಾರುಕಟ್ಟೆಯ ಆಸುಪಾಸಿನ ಬೀದಿಗಳಲ್ಲೇ ಬೆಳೆದ, ಹದಿನಾರಕ್ಕೆಲ್ಲ ಶಾಲೆ ಬಿಟ್ಟ. ಮುಂದೆ ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆದ, ಆಮೇಲೆ ರೇಡಿಯೊ ಸೇರಿದ, ಔಷಧಿ ಕಂಪನಿಗಳಿಗೆ ಜಾಹೀರಾತಿನ ಸಾಲು ಕಟ್ಟಿಕೊಟ್ಟ. ಆತ ಸರ್ರಿಯಲಿಸ್ಟ್, ಅಂದರೆ ತರ್ಕ ಬದಿಗಿಟ್ಟು ಕನಸು, ಸುಪ್ತಮನಸ್ಸುಗಳಿಂದ ಬರೆಯಲು ಹೊರಟ ಗುಂಪಿನವನು. ಸರ್ರಿಯಲಿಸ್ಟ್ ಕವಿ ಎಂದರೆ ಕೆಲಸಬೊಗಸೆ ಇಲ್ಲದೆ ಕನಸಿನಲ್ಲಿ ತೇಲುವವನು ಎಂದುಕೊಂಡವರಿಗೆ ಈ ಜಾತಕ ಸಪ್ಪೆ ಎನಿಸೀತು. ಆದರೆ ಈತನಿಂದ ಕಲಿಯಲು ಸಿಗುವುದು ಇದರಲ್ಲೇ. ಬೆರಗನ್ನು ಆತ ಕಸುಬಿನಂತೆ ನಡೆಸಿದ: ಹೊತ್ತು ಗೊತ್ತುಮಾಡಿಕೊಂಡು, ಅಳತೆ ಹಿಡಿದು, ಹುಮ್ಮಸ್ಸು ಇರಲಿ ಬಿಡಲಿ.

ಆ ಕಸುಬಿನ ಪಟ್ಟುಗಳನ್ನು ಕನ್ನಡದಲ್ಲಿ ಮಾಡಿನೋಡುವ ಕ್ರಮ ಇಲ್ಲಿದೆ. ಫ್ರೆಂಚಿನವರ ಆಟಗಳನ್ನು ಹಾಗೆಹಾಗೇ ಎತ್ತಿ ತಂದರೆ ನಮ್ಮ ವ್ಯಾಕರಣದಲ್ಲಿ ಅವು ಮುಗ್ಗರಿಸುತ್ತವೆ. ಎಲ್ಲೆಲ್ಲಿ, ಏಕೆ ಎಂಬುದನ್ನೂ ಹೇಳಿದ್ದೇವೆ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ: 200 ಪುಟದ ಗೆರೆ ಹಾಕಿದ ಒಂದು ನೋಟ್‌ಬುಕ್, ಸರಾಗವಾಗಿ ಓಡುವ ಪೆನ್ನು, ಒಂದಿಪ್ಪತ್ತು ಎ4 ಹಾಳೆ, ಕತ್ತರಿ, ಅಲಾರಂ. ಮೊಬೈಲಿನ ಅಲಾರಂ ಸಾಕು, ಆದರೆ ಮೊಬೈಲಿನಲ್ಲಿ ಬರೆಯಬೇಡಿ. ಕೀಬೋರ್ಡು ಮುಂದಿನ ಪದವನ್ನು ತಾನೇ ಸೂಚಿಸುತ್ತದೆ. ಎಲ್ಲರೂ ಬರೆಯುವ ಪದವನ್ನೇ ಮುಂದೆ ಹಿಡಿಯುವ ಯಂತ್ರದಿಂದ ಈ ಕೆಲಸಕ್ಕೆ ಆಗುವುದು ಬರೀ ನಷ್ಟ.

ಮೊದಲು ಆತನ ಬದುಕನ್ನು ನಾಲ್ಕು ತುಂಡಾಗಿ ಓದಿಕೊಳ್ಳಿ

ಮೊದಲ ತುಂಡು 1922ರ ಶರತ್ಕಾಲ. ಸರ್ರಿಯಲಿಸ್ಟ್ ಗುಂಪಿನ ಮುಂದಾಳು ಆಂದ್ರೆ ಬ್ರೆಟನ್‌ನ ಮನೆ, ಪ್ಯಾರಿಸ್ಸಿನ ಫೊಂತೇನ್ ಬೀದಿಯ 42ನೇ ನಂಬರು. ಗೆಳೆಯರು ದೀಪವಾರಿಸಿ, ಮೇಜಿನ ಸುತ್ತ ಕೈ ಕೈ ಹಿಡಿದು ಕೂರುತ್ತಿದ್ದರು. ಕೆಲವರು ಅರೆನಿದ್ದೆಗೆ ಜಾರುತ್ತಿದ್ದರು. ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಆಳಕ್ಕೆ ಜಾರಿದವನು ದೆಸ್ನೋಸ್. ಆ ಸ್ಥಿತಿಯಲ್ಲೇ ಮಾತಾಡಿದ, ಬರೆದ, ಚಿತ್ರ ಬಿಡಿಸಿದ. 1924ರ ಅಕ್ಟೋಬರಿನಲ್ಲಿ ಬಂದ ಸರ್ರಿಯಲಿಸಂ ಪ್ರಣಾಳಿಕೆಯಲ್ಲಿ ಬ್ರೆಟನ್ ಈತನನ್ನು ಹೊಗಳಿದ್ದು ಇದಕ್ಕೇ: ಬೇಕೆಂದಾಗ ಸರ್ರಿಯಲಿಸ್ಟ್ ಆಗಿ ಮಾತಾಡಬಲ್ಲವನು ಎಂದು.

ಈ ಒಂದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಕೆಲವೇ ತಿಂಗಳಲ್ಲಿ ಈ ಕೂಟಗಳು ಹದ್ದುಮೀರಿದವು. ಒಂದು ರಾತ್ರಿ ಮಂಪರಿನಲ್ಲಿದ್ದ ಹಲವರು ಒಟ್ಟಾಗಿ ನೇಣು ಹಾಕಿಕೊಳ್ಳಲು ಹೊರಟರು. ಇನ್ನೊಮ್ಮೆ ದೆಸ್ನೋಸ್ ಚಾಕು ಹಿಡಿದು ಗುಂಪಿನ ಇನ್ನೊಬ್ಬ ಕವಿ ಪಾಲ್ ಎಲುವಾರ್‌ನ ಬೆನ್ನು ಹತ್ತಿದ. ಬ್ರೆಟನ್ ತಾನೇ ಮುಂದಾಗಿ ಕೂಟಗಳನ್ನು ನಿಲ್ಲಿಸಿದ. ನಿದ್ದೆಗೆಡುವುದು, ಕುಡಿಯುವುದು, ಉಪವಾಸ ಬೀಳುವುದು ಇವೆಲ್ಲ ಅದರ ತಮ್ಮಂದಿರು. ಕೆಳಗಿನ ಯಾವ ಅಭ್ಯಾಸಕ್ಕೂ ಇವು ಬೇಡ.

ಎರಡನೆಯ ತುಂಡು 1922ರಿಂದ 1930ರವರೆಗಿನ ಕವಿತೆಗಳದು: ಶಬ್ದದಾಟ, ಬೆಲ್ಜಿಯಂನ ಗಾಯಕಿ ಇವೊನ್ ಜಾರ್ಜ್ ಮೇಲಿನ ಕೈಗೂಡದ ಪ್ರೇಮ, ಛಾಯಾಗ್ರಾಹಕ ಮ್ಯಾನ್ ರೇ 1928ರಲ್ಲಿ ತೆಗೆದ ಚಲನಚಿತ್ರಕ್ಕೆ ಆಧಾರವಾದ ಕವಿತೆ, ಕಡೆಗೆ ಬ್ರೆಟನ್ ಜೊತೆ ಜಗಳ, ಬೇರ್ಪಡೆ. ಮೂರನೆಯದು ರೇಡಿಯೊ. 1938ರಲ್ಲಿ ಶುರುವಾದ ಒಂದು ಕಾರ್ಯಕ್ರಮಕ್ಕೆ ಕೇಳುಗರು ತಮ್ಮ ಕನಸನ್ನು ಅಂಚೆಯಲ್ಲಿ ಬರೆದು ಕಳಿಸುತ್ತಿದ್ದರು, ದೆಸ್ನೋಸ್ ಅದನ್ನು ನಾಟಕ ಮಾಡಿ ಬಿತ್ತರಿಸುತ್ತಿದ್ದ. ಹದಿನಾರು ವರ್ಷ ಹಿಂದೆ ಕತ್ತಲ ಕೋಣೆಯಲ್ಲಿ ಐದಾರು ಜನ ಗುಟ್ಟಾಗಿ ಮಾಡಿದ್ದು ಈಗ ಊರಿಗೆಲ್ಲ ಕೇಳುವಂತಾಯಿತು. ನಮ್ಮ ಲೆಕ್ಕದಲ್ಲಿ ಆತನ ಬದುಕಿನ ಅತ್ಯಂತ ಸರ್ರಿಯಲಿಸ್ಟ್ ಕೆಲಸ ಇದು, ಗುಂಪಿನಿಂದ ಹೊರಬಿದ್ದ ಮೇಲೆ ಮಾಡಿದ್ದು. ನಾಲ್ಕನೆಯ ತುಂಡು ಯುದ್ಧ. ಅದು ಕೊನೆಯಲ್ಲಿ ಬರುತ್ತದೆ.

ಓದುವಾಗ ಕನ್ನಡಿಗರು ಎಡವುವ ಜಾಗ ಒಂದಿದೆ. ಒಗಟಿಗೆ ಉತ್ತರ ಇದ್ದೇ ಇರುತ್ತದೆ. ಬೆಡಗಿನ ವಚನಗಳಿಗೆ ಟೀಕೆ ಬರೆದು ಒಳಗಿನ ಅರ್ಥ ಬಿಡಿಸಿಟ್ಟವರಿದ್ದಾರೆ. ಆ ಅಭ್ಯಾಸದಲ್ಲಿ ಈ ಕವಿತೆಗಳಿಗೂ ಕೀಲಿಕೈ ಹುಡುಕಿದರೆ ಸಿಗುವುದಿಲ್ಲ. ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿ, ಕಣ್ಣಿಗೆ ಏನು ಕಟ್ಟಿತೋ ಅದನ್ನು ಹಿಡಿದುಕೊಂಡು ಮುಂದೆ ಹೋಗಿ.

ಬೋರ್ಡು ನಕಲು ಮಾಡುವುದು

ಎಲ್ಲಕ್ಕಿಂತ ಸುಲಭ, ಆದ್ದರಿಂದ ಮೊದಲು. ಅದೇ ಗುಂಪಿನ ಲೇಖಕ ಲೂಯಿ ಅರಗಾನ್ 1926ರಲ್ಲಿ ತಂದ ಪುಸ್ತಕದಲ್ಲಿ ಪ್ಯಾರಿಸ್ಸಿನ ಒಪೇರಾ ಪ್ಯಾಸೇಜಿನ ಅಂಗಡಿಗಳನ್ನು ಒಂದೊಂದಾಗಿ ದಾಖಲಿಸಿದ. ಅದು ರಸ್ತೆ ವಿಸ್ತರಣೆಗಾಗಿ ಕೆಡವಲು ಗುರುತಾಗಿದ್ದ ಮುಚ್ಚುಗಟ್ಟಿನ ಓಣಿ. ಅಲ್ಲಿನ ಕೆಫೆಯ ದರಪಟ್ಟಿಯನ್ನು ಸಹ ಇದ್ದಂತೆಯೇ ಅಚ್ಚುಹಾಕಿಸಿದ. ವರ್ಣನೆಗಿಂತ ನಕಲಿಗೆ ಬಲ ಹೆಚ್ಚು ಎಂಬುದು ಅವನಿಗೆ ಗೊತ್ತಿತ್ತು.

ಮನೆಯಿಂದ ಒಂದು ಕಿಲೋಮೀಟರಿನೊಳಗೆ, ದಿನವೂ ಓಡಾಡುವ ಒಂದು ಬೀದಿ ಆರಿಸಿಕೊಳ್ಳಿ. 45 ನಿಮಿಷ. ಕಣ್ಣಿಗೆ ಬಿದ್ದ ಬರಹಗಳಲ್ಲಿ 20ನ್ನು ಕೈಯಲ್ಲೇ ಬರೆದುಕೊಳ್ಳಿ: ಅಂಗಡಿ ಫಲಕ, ಆಟೋ ಬೆನ್ನಿನ ಸಾಲು, ಬಸ್ಸಿನ ಸೂಚನೆ, ಗೋಡೆಗೆ ಅಂಟಿಸಿದ ಚೀಟಿ. ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಬರೆಯಿರಿ. ಮುಂದೆ ಜಾಗ, ಹೊತ್ತು ಇರಲಿ. ಫೋಟೋ ತೆಗೆದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಫೋಟೋ ತೆಗೆದವರು ಬೋರ್ಡಿನ ಮುಂದೆ ಎರಡು ಸೆಕೆಂಡು ನಿಲ್ಲುತ್ತಾರೆ, ಬರೆದುಕೊಳ್ಳುವವರು ಅರ್ಧ ನಿಮಿಷ. ಕೆಲಸ ಆಗುವುದು ಆ ಅರ್ಧ ನಿಮಿಷದಲ್ಲಿ. ಜನರ ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ.

ಮನೆಗೆ ಬಂದು 20ನ್ನೂ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎರಡೆರಡನ್ನು ಪಕ್ಕಪಕ್ಕ ಇಡುತ್ತ ಹೋಗಿ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ವಾಪಸು ಹೋಗಲಿ, ಮರುದಿನ ಬಂದು ಮತ್ತೆ ಅದನ್ನೇ ಓದಲಿ ಎಂದು. ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಸಾಲ’ ಎಂಬ ಫಲಕವನ್ನು ಅದರ ಪಕ್ಕ ಇಟ್ಟುನೋಡಿ. ಗಿರಾಕಿಗೂ ದೆವ್ವಕ್ಕೂ ಊರು ಒಂದೇ ಉತ್ತರ ಕೊಟ್ಟಿದೆ. ದೆವ್ವಕ್ಕೂ ಓದು ಬರುತ್ತದೆ ಎಂಬ ನಂಬಿಕೆ ಬೇರೆ. ಇದಕ್ಕೆ ನೀವು ಒಂದು ಪದವನ್ನೂ ಸೇರಿಸಬೇಕಿಲ್ಲ.

ನಡಿಗೆಯನ್ನು 45 ನಿಮಿಷಕ್ಕೆ ನಿಲ್ಲಿಸಿ ಎಂದದ್ದಕ್ಕೆ ಕಾರಣವಿದೆ. 1924ರ ಮೇ ತಿಂಗಳಲ್ಲಿ ಬ್ರೆಟನ್, ಅರಗಾನ್ ಮತ್ತಿಬ್ಬರು ನಕ್ಷೆಯಲ್ಲಿ ಕಣ್ಣಿಗೆ ಬಿದ್ದ ಬ್ಲುವಾ ಎಂಬ ಊರಿಗೆ ರೈಲು ಹತ್ತಿ, ಅಲ್ಲಿಂದ ಗುರಿಯಿಲ್ಲದೆ ನಡೆಯತೊಡಗಿದರು. ಕೆಲವು ದಿನಗಳಲ್ಲಿ ಆಯಾಸ, ಸಿಡುಕು, ಜಗಳ. ಮತ್ತೆ ರೈಲು ಹತ್ತಿ ಪ್ಯಾರಿಸ್ಸಿಗೆ ಬಂದರು. ಗುರಿಯಿಲ್ಲದ ನಡಿಗೆಗೂ ಗಡಿ ಬೇಕು.

ಗುಜರಿ ಅಂಗಡಿಯಿಂದ ಒಂದು ವಸ್ತು

1934ರ ವಸಂತದಲ್ಲಿ ಬ್ರೆಟನ್ ಮತ್ತು ಶಿಲ್ಪಿ ಜಿಯಾಕೊಮೆಟ್ಟಿ ಪ್ಯಾರಿಸ್ಸಿನ ಹಳೆ ಸಾಮಾನಿನ ಸಂತೆಗೆ ಹೋದರು. ಒಬ್ಬನಿಗೆ ಸಿಕ್ಕಿದ್ದು ಮುಖದ ಅರ್ಧ ಮುಚ್ಚುವ ಲೋಹದ ಮುಖವಾಡ, ಇನ್ನೊಬ್ಬನಿಗೆ ಹಿಡಿಯ ತುದಿಯಲ್ಲಿ ಪುಟ್ಟ ಪಾದರಕ್ಷೆ ಕೆತ್ತಿದ್ದ ಮರದ ಸೌಟು. ಇಬ್ಬರೂ ಅದನ್ನೇ ಹುಡುಕಿಕೊಂಡು ಹೋದವರಲ್ಲ.

ನೀವು ಗುಜರಿ ಅಂಗಡಿಗೆ ಹೋಗಿ 50 ರೂಪಾಯಿಯೊಳಗೆ ಒಂದು ವಸ್ತು ತನ್ನಿ, ಇಲ್ಲವೇ ಅಟ್ಟದಿಂದ ಇಳಿಸಿ. ಮೊದಲ ಹತ್ತು ನಿಮಿಷ ಬರೀ ಅಳತೆ: ಉದ್ದ, ತೂಕ, ಬಣ್ಣ, ಎಷ್ಟು ಕಡೆ ನೆಗ್ಗಿದೆ. ಮುಂದಿನ ಹತ್ತು ನಿಮಿಷ ಸವೆತ: ಯಾರ ಕೈ ಎಲ್ಲಿ ಹಿಡಿದಿತ್ತು, ಬೆಂಕಿ ಎಲ್ಲಿ ತಾಗಿತ್ತು. ಕೊನೆಯ ಐದು ನಿಮಿಷ, ಈ ವಸ್ತು ಏನೇನು ಮಾಡಲಾರದು ಎಂಬ ಪಟ್ಟಿ.

ಉದಾಹರಣೆಗೆ ಒಂದು ಸ್ಟೀಲ್ ಡಬ್ಬಿ. ಎತ್ತರ 14 ಸೆಂಟಿಮೀಟರ್, ಮುಚ್ಚಳ ಬೇರೆ ಡಬ್ಬಿಯದು. ಹೊಟ್ಟೆಯ ಮೇಲೆ ಯಂತ್ರದಿಂದ ಚುಕ್ಕೆಚುಕ್ಕೆಯಾಗಿ ಹೊಡೆಸಿದ ಅಕ್ಷರ: ‘ಗೃಹಪ್ರವೇಶದ ನೆನಪಿಗಾಗಿ’. ತಿಕ್ಕಿ ತಿಕ್ಕಿ ‘ಗೃಹ’ ಪೂರ್ತಿ ಮಾಸಿದೆ. ಕೊಟ್ಟವರ ಹೆಸರಿನ ಮೇಲೆ ನೆಗ್ಗು ಬಿದ್ದಿದೆ. ಉಳಿದಿರುವುದು ‘ಪ್ರವೇಶದ ನೆನಪಿಗಾಗಿ’. ಎಲ್ಲಿಗೆ ಪ್ರವೇಶ ಎಂಬುದನ್ನು ಸಾಸಿವೆ ತುಂಬಿಕೊಂಡ ಡಬ್ಬಿ ಹೇಳುವುದಿಲ್ಲ. ಇಲ್ಲಿಗೆ ನಿಲ್ಲಿಸಿ. ‘ಕಾಲ ಎಲ್ಲವನ್ನೂ ಅಳಿಸುತ್ತದೆ’ ಎಂದು ಮುಂದಿನ ಸಾಲು ಬರೆದಿರೋ, ಡಬ್ಬಿ ಮಾಯವಾಗಿ ಭಾಷಣ ಉಳಿಯುತ್ತದೆ. ಈ ಅಭ್ಯಾಸದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೆಡುವುದು ಅಲ್ಲೇ.

ಇದಕ್ಕೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. 1928ರಲ್ಲಿ ದೆಸ್ನೋಸ್ ಪತ್ರಕರ್ತರ ಸಮ್ಮೇಳನಕ್ಕೆಂದು ಕ್ಯೂಬಾದ ಹವಾನಾಕ್ಕೆ ಹೋದವನು ಅಲ್ಲಿನ ಲೇಖಕ ಅಲೇಹೊ ಕಾರ್ಪೆಂತಿಯೆರ್‌ನನ್ನು ತನ್ನ ಕಾಗದಪತ್ರಗಳ ನೆರವಿನಿಂದ ಫ್ರಾನ್ಸಿಗೆ ಕರೆತಂದ. ಅದೇ ಕಾರ್ಪೆಂತಿಯೆರ್ 1949ರಲ್ಲಿ ತನ್ನ ಕಾದಂಬರಿಗೆ ಬರೆದ ಮುನ್ನುಡಿಯಲ್ಲಿ ಸರ್ರಿಯಲಿಸ್ಟರನ್ನು ತರಾಟೆಗೆ ತೆಗೆದುಕೊಂಡ: ಮೇಜಿನ ಮೇಲೆ ಛತ್ರಿ ಮತ್ತು ಹೊಲಿಗೆ ಯಂತ್ರ ಇಟ್ಟು ಸೂತ್ರದ ಪ್ರಕಾರ ಬೆರಗು ತಯಾರಿಸುತ್ತಾರೆ ಎಂದು. ಮಾತು ನ್ಯಾಯವಾದದ್ದು. ಎರಡು ವಿಚಿತ್ರ ವಸ್ತು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ. ಅಳತೆ, ಸವೆತ ಬರೆಯಿರಿ ಎನ್ನುವುದು ಅದಕ್ಕೇ.

ಕೈ ನಿಲ್ಲಿಸದೆ ಬರೆಯುವುದು

1919ರಲ್ಲಿ ಬ್ರೆಟನ್ ಮತ್ತು ಕವಿ ಫಿಲಿಪ್ ಸುಪೋ ಇಬ್ಬರೂ ಸೇರಿ ಯೋಚಿಸದೆ ಬರೆಯುವ ಪ್ರಯೋಗ ಮಾಡಿದರು. ಮೊದಲ ದಿನವೇ ಸುಮಾರು 50 ಪುಟ ಆಯಿತಂತೆ. ಬೇರೆ ಬೇರೆ ಅಧ್ಯಾಯಗಳನ್ನು ಬೇರೆ ಬೇರೆ ವೇಗದಲ್ಲಿ ಬರೆದರು, ವೇಗ ಬದಲಾದರೆ ಬರವಣಿಗೆಯ ಜಾತಿಯೇ ಬದಲಾಗುವುದನ್ನು ಗಮನಿಸಿದರು.

ಹತ್ತು ನಿಮಿಷಕ್ಕೆ ಅಲಾರಂ ಇಡಿ. ವಿಷಯ ಬೇಡ, ಶೀರ್ಷಿಕೆ ಬೇಡ, ವಿರಾಮಚಿಹ್ನೆಯೂ ಬೇಡ. ಹಿಂದಿನ ಸಾಲು ಓದಬಾರದು. ಒತ್ತಕ್ಷರ ತಪ್ಪಿದರೆ ತಿದ್ದಬಾರದು. ಕನ್ನಡದಲ್ಲಿ ಹತ್ತು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಪುಟ ತುಂಬಬೇಕು. ಅರ್ಧ ಪುಟಕ್ಕೆ ನಿಂತರೆ ಪದ ಆರಿಸುತ್ತ ಕೂತಿದ್ದೀರಿ ಎಂದರ್ಥ.

ಕೈ ನಿಂತರೆ? ಪ್ರಣಾಳಿಕೆಯಲ್ಲಿ ಬ್ರೆಟನ್ ಇದಕ್ಕೊಂದು ಉಪಾಯ ಕೊಟ್ಟಿದ್ದಾನೆ. ಒಂದು ಅಕ್ಷರ ಗೊತ್ತುಮಾಡಿಕೊಂಡಿರಿ, ಅವನದು ‘ಎಲ್’. ನಿಂತಲ್ಲೆಲ್ಲ ಆ ಅಕ್ಷರ ಹಾಕಿ, ಮುಂದಿನ ಪದವನ್ನು ಅದರಿಂದಲೇ ಶುರುಮಾಡಿ. ಕನ್ನಡಕ್ಕೆ ಕ, ಮ, ಹ, ಬ ಒಳ್ಳೆಯವು. ಳ, ಣ ಆರಿಸಿಕೊಂಡರೆ ಅಲ್ಲೇ ಕಥೆ ಮುಗಿಯಿತು, ಅವುಗಳಿಂದ ಪದವೇ ಶುರುವಾಗುವುದಿಲ್ಲ.

ಮೊದಲ ಎರಡು ಮೂರು ದಿನ ಬರುವುದೆಲ್ಲ ಸಿನಿಮಾ ಹಾಡಿನ ಚೂರು, ಶಾಲೆಯ ಪದ್ಯದ ನೆನಪು, ಗಾದೆ. ಗಾಬರಿ ಬೇಡ, ಅದು ನಲ್ಲಿಯಲ್ಲಿ ಮೊದಲು ಬರುವ ಕೆಂಪು ನೀರು. ಹರಿಯಲು ಬಿಡಿ. ಇನ್ನೊಂದು ತೊಡಕು ನಮ್ಮಲ್ಲೇ ಹೆಚ್ಚು: ಪೆನ್ನು ಹಿಡಿದ ಕೂಡಲೇ ಕೈ ಪುಸ್ತಕದ ಕನ್ನಡಕ್ಕೆ ತಿರುಗುತ್ತದೆ. ಧಾರವಾಡದವರಾದರೆ ‘ಹೋಗಾಕತ್ತೇನಿ’ ಎಂದೇ ಬರೆಯಿರಿ, ಮೈಸೂರಿನವರು ‘ಹೋಯ್ತಾವ್ನಿ’ ಎನ್ನುವವರಾದರೆ ಹಾಗೇ. ಯೋಚನೆಗಿಂತ ಮೊದಲು ಬಾಯಿಗೆ ಬರುವ ಕನ್ನಡ ಯಾವುದೋ ಅದರಲ್ಲೇ ಈ ಕೆಲಸ ನಡೆಯುತ್ತದೆ.

ಕನಸು ಬರೆದಿಡುವುದು ಇದೇ ಕೈಕೆಲಸದ ಮುಂದುವರಿಕೆ. ಎಚ್ಚರವಾದಾಗ ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿಕೊಂಡೇ ಕೊನೆಯ ದೃಶ್ಯದಿಂದ ಹಿಂದಕ್ಕೆ ಹೋಗಿ. ಆಮೇಲೆ ಐದು ನಿಮಿಷದೊಳಗೆ ಬರೆಯಿರಿ, ವರ್ತಮಾನ ಕಾಲದಲ್ಲಿ. ‘ಕನಸಿನಲ್ಲಿ’ ಎಂಬ ಪದವನ್ನೂ ‘ಹಾಗೆ’, ‘ಏನೋ ಒಂಥರಾ’ ಎಂಬ ಮಾತುಗಳನ್ನೂ ಬಿಡಿ. ಫಲ, ಶಕುನ ನೋಡಬೇಡಿ. ಮೊಬೈಲು ಮುಟ್ಟಿದರೆ ಕನಸು ಹೋಯಿತು. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಅಕ್ಷರ ಅದಲುಬದಲು

1922ರ ಕೊನೆಯಲ್ಲಿ ದೆಸ್ನೋಸ್ ರೋಸ್ ಸೆಲಾವಿ ಎಂಬ ಹೆಸರಿನಲ್ಲಿ ಒಂಟಿಸಾಲುಗಳನ್ನು ಹೇಳತೊಡಗಿದ. ಆ ಹೆಸರು ಕಲಾವಿದ ಮಾರ್ಸೆಲ್ ದುಷಾಂ ತನಗಾಗಿ ಹುಟ್ಟುಹಾಕಿಕೊಂಡದ್ದು. ದುಷಾಂ ಆಗ ಅಟ್ಲಾಂಟಿಕಿನ ಆಚೆ ನ್ಯೂಯಾರ್ಕಿನಲ್ಲಿ. ಅವನ ಮನಸ್ಸಿನಿಂದ ತನಗೆ ನೇರವಾಗಿ ಬರುತ್ತಿದೆ ಎಂದು ಈತ ಹೇಳಿಕೊಂಡ. ಅದಿರಲಿ, 1930ರ ಸಂಗ್ರಹದಲ್ಲಿ ಅಂಥ 150 ಸಾಲುಗಳಿವೆ. ಹಲವುಗಳಲ್ಲಿ ಎರಡು ಪದಗಳ ಧ್ವನಿ ಸ್ಥಳ ಬದಲಿಸಿಕೊಂಡು ಹೊಸ ಅರ್ಥ ಹೊಮ್ಮುತ್ತದೆ. ಅನುವಾದಕ್ಕೆ ಇವು ಜಗ್ಗುವುದಿಲ್ಲ, ಆದರೆ ಪಟ್ಟು ಕನ್ನಡಕ್ಕೆ ಚೆನ್ನಾಗಿ ಕೂರುತ್ತದೆ, ನಮ್ಮ ಲಿಪಿಯಲ್ಲಿ ಅಕ್ಷರ ಇಡಿಯಾಗಿ ಕಿತ್ತು ಬರುವುದರಿಂದ.

ಮಾಡುವ ಕ್ರಮ ಹೀಗೆ. ಮೂಲದಲ್ಲಿ ಎರಡೇ ಅಕ್ಷರದ ಪದಗಳನ್ನು ಒಂದು 30 ಬರೆದುಕೊಳ್ಳಿ: ಮಳೆ, ಬೆಲೆ, ಹಾಡು, ಕಾಲು, ಮರ, ನೆಲ, ಬಲೆ. ಮೊದಲ ಪದಕ್ಕೆ ಷಷ್ಠಿ ವಿಭಕ್ತಿ ಹಚ್ಚಿ ಜೋಡಿ ಮಾಡಿ. ಈಗ ಎರಡೂ ಪದಗಳ ಮೊದಲಕ್ಷರವನ್ನು ಗುಣಿತದ ಸಮೇತ ಅದಲುಬದಲು ಮಾಡಿ.

ಹಾಡಿನ ಕಾಲು — ಕಾಡಿನ ಹಾಲು.
ಮಳೆಯ ಬೆಲೆ — ಬೆಳೆಯ ಮಲೆ.
ನೆಲದ ಬಲೆ — ಬಲದ ನೆಲೆ.
ಮರದ ಕರೆ — ಕರದ ಮರೆ.

ಇಷ್ಟಾದರೆ ಅರ್ಧ ಕೆಲಸ. ಎರಡು ತುದಿಗಳನ್ನು ಒಂದು ವಾಕ್ಯದಲ್ಲಿ ಕಟ್ಟಬೇಕು: ‘ಮಳೆಯ ಬೆಲೆ ಕೇಳಿದವನಿಗೆ ಬೆಳೆಯ ಮಲೆ ತೋರಿಸಿದರು.’ ‘ಹಾಡಿನ ಕಾಲು ಮುರಿದ ದಿನ ಕಾಡಿನ ಹಾಲು ಒಡೆಯಿತು.’ ವಾಕ್ಯ ಸಾಧ್ಯವಾದಷ್ಟು ಒಣಗಿರಲಿ, ವರದಿಯ ಧಾಟಿಯಲ್ಲಿ. ಅಲಂಕಾರ ಸೇರಿಸಿದರೆ ಅದಲುಬದಲು ಕಿವಿಗೆ ಕೇಳುವುದೇ ಇಲ್ಲ.

ಕೆಡುವುದು ಎರಡು ಕಡೆ. ಲ-ಳ ಬೆರೆಸಿದರೆ ಜೋಡಿ ಮುರಿಯುತ್ತದೆ, ಕಾಡಿನ ಹಾಲು ಹೋಗಿ ಕಾಡಿನ ಹಾಳು ಆಗುತ್ತದೆ. ಬಾಯಲ್ಲಿ ಎರಡನ್ನೂ ಒಂದೇ ಮಾಡುವ ರೂಢಿಯಿದ್ದರೆ ಬರೆದು ನೋಡಿಯೇ ಒಪ್ಪಿಕೊಳ್ಳಿ. ಎರಡನೆಯದು ಮೂರ್ನಾಲ್ಕು ಅಕ್ಷರದ ಸಂಸ್ಕೃತ ಪದಗಳು. ಅವುಗಳ ಮೊದಲಕ್ಷರ ಬದಲಿಸಿದರೆ ಉಳಿಯುವುದು ಅರ್ಥವಿಲ್ಲದ ಶಬ್ದ. ಗಿಡ್ಡ ಪದಗಳೇ ಬೇಕು.

ಮಡಿಕೆ ಕಾಗದದ ಆಟ

1925ರಲ್ಲಿ ಪ್ಯಾರಿಸ್ಸಿನ ಶಾತೋ ಬೀದಿಯ 54ನೇ ನಂಬರಿನ ಮನೆಯಲ್ಲಿ ಹುಟ್ಟಿದ ಆಟ. ಒಬ್ಬ ಒಂದು ಪದ ಬರೆದು ಕಾಗದ ಮಡಚುತ್ತಾನೆ, ಮುಂದಿನವನು ಅದನ್ನು ನೋಡದೆ ತನ್ನ ಪದ ಬರೆಯುತ್ತಾನೆ. ಬಿಡಿಸಿದಾಗ ಮೊದಲು ಸಿಕ್ಕ ವಾಕ್ಯ, ಸೊಗಸಾದ ಹೆಣವೊಂದು ಹೊಸ ವೈನ್ ಕುಡಿಯುತ್ತದೆ ಎಂದಿತ್ತಂತೆ. ಆಟಕ್ಕೆ ಅದೇ ಹೆಸರು ನಿಂತಿತು.

ಇದನ್ನು ಕನ್ನಡದಲ್ಲಿ ಆಡಿದವರು ಹೆಚ್ಚಾಗಿ ಮೊದಲ ಸುತ್ತಿನಲ್ಲೇ ಕೈಬಿಡುತ್ತಾರೆ, ವಾಕ್ಯ ಕೂಡುವುದೇ ಇಲ್ಲ ಎಂದು. ಕಾರಣ ಮೂರು. ಫ್ರೆಂಚಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ನಮ್ಮದು ಕೊನೆಗೆ. ನಮ್ಮ ಕ್ರಿಯಾಪದ ಕರ್ತೃವಿನ ಲಿಂಗ, ವಚನ ನೋಡಿ ಬಾಲ ಬದಲಿಸುತ್ತದೆ. ಮತ್ತು ಕರ್ಮಕ್ಕೆ ವಿಭಕ್ತಿ ಹಚ್ಚದಿದ್ದರೆ ಯಾರು ಯಾರನ್ನು ಏನು ಮಾಡಿದರು ಎಂದು ತಿಳಿಯುವುದಿಲ್ಲ. ಇದಕ್ಕೆಲ್ಲ ಮೊದಲೇ ವ್ಯವಸ್ಥೆ ಮಾಡಿಕೊಂಡರೆ ಆಟ ಸಲೀಸು.

ಎ4 ಹಾಳೆಯನ್ನು ಉದ್ದ ಬದಿ ನಿಲುವಾಗಿ ಬರುವಂತೆ ಇಟ್ಟುಕೊಂಡು ಬೀಸಣಿಗೆಯಂತೆ ಆರು ಮಡಿಕೆ ಮಾಡಿ, ಒಂದೊಂದು ಸುಮಾರು 5 ಸೆಂಟಿಮೀಟರ್ ಬರುತ್ತದೆ. ಮಡಿಕೆಗಳ ಅಂಚಿನಲ್ಲಿ ಮೊದಲೇ ಸಣ್ಣಗೆ ಬರೆದಿಡಿ: ಒಂದನೆಯದರಲ್ಲಿ ‘ಎಂಥ?’, ಎರಡರಲ್ಲಿ ‘ಯಾವುದು?’, ಮೂರರಲ್ಲಿ ಮತ್ತೆ ‘ಎಂಥ?’, ನಾಲ್ಕರಲ್ಲಿ ‘ಯಾವುದನ್ನು?’, ಐದರಲ್ಲಿ ‘ಎಲ್ಲಿ, ಯಾವಾಗ?’, ಆರರಲ್ಲಿ ‘ಏನು ಮಾಡಿತು?’. ಈ ಪ್ರಶ್ನೆಗಳೇ ವ್ಯಾಕರಣ ಕಾಯುತ್ತವೆ, ಆಡುವವರಿಗೆ ವಿಭಕ್ತಿಯ ಪಾಠ ಹೇಳುವ ತಾಪತ್ರಯವಿಲ್ಲ. ನಾಲ್ಕರಿಂದ ಆರು ಜನ ಸಾಕು. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ, ಅರ್ಧ ನಿಮಿಷಕ್ಕೊಮ್ಮೆ ಎಡಕ್ಕೆ ದಾಟಿಸಿ. ಹೆಚ್ಚು ಹೊತ್ತು ಕೊಟ್ಟರೆ ಜೋಕು ಹುಡುಕಲು ಕೂರುತ್ತಾರೆ.

ಬರುವುದು ಹೀಗಿರುತ್ತದೆ: ‘ಜ್ವರ ಬಂದ ಏಣಿ ಕೂದಲುದುರಿದ ಸೋಮವಾರವನ್ನು ಅಟ್ಟದ ಮೇಲೆ ತೂಕ ಮಾಡಿತು.’

ಎರಡನೆಯ ಮಡಿಕೆಯಲ್ಲಿ ನಪುಂಸಕಲಿಂಗ, ಏಕವಚನ ಮಾತ್ರ: ಏಣಿ, ಬೆಕ್ಕು, ನಲ್ಲಿ, ಗ್ರಹಣ. ಯಾರೋ ‘ಹುಡುಗಿ’ ಎಂದು ಬರೆದರೆ ಕೊನೆಯ ‘ಮಾಡಿತು’ ಒಗ್ಗುವುದಿಲ್ಲ. ಮನುಷ್ಯರು ಬೇಕೇ ಬೇಕು ಎನ್ನುವವರಿಗೆ ಒಂದು ಒಳದಾರಿ ಇದೆ. ಆರನೆಯ ಮಡಿಕೆಯ ಪ್ರಶ್ನೆಯನ್ನು ‘ಏನು ಮಾಡಲಿಲ್ಲ?’ ಎಂದು ಬದಲಿಸಿ. ಅವನು ತೂಗಲಿಲ್ಲ, ಅವಳು ತೂಗಲಿಲ್ಲ, ಅವರು ತೂಗಲಿಲ್ಲ, ಅದು ತೂಗಲಿಲ್ಲ: ಭೂತಕಾಲದ ನಿಷೇಧಕ್ಕೆ ಲಿಂಗ ವಚನಗಳ ಹಂಗಿಲ್ಲ. ‘ತೂಗಲಿ’ ಎಂಬ ರೂಪವೂ ಹೀಗೇ. ‘ಜ್ವರ ಬಂದ ಮೇಷ್ಟ್ರು ಕೂದಲುದುರಿದ ಸೋಮವಾರವನ್ನು ಅಟ್ಟದ ಮೇಲೆ ತೂಕ ಮಾಡಲಿಲ್ಲ.’ ನಿಷೇಧದಲ್ಲಿ ವಾಕ್ಯ ಇನ್ನೂ ಚೆನ್ನ, ತೂಕ ಮಾಡಬೇಕಿತ್ತೇನೋ, ಮೇಷ್ಟ್ರು ಮರೆತರೇನೋ ಎನಿಸುತ್ತದೆ.

ನಾಲ್ಕನೆಯ ಮಡಿಕೆಯಲ್ಲಿ ‘ಅನ್ನು’ ಬಿಟ್ಟರೆ ಏನಾಗುತ್ತದೆ ನೋಡಿ: ‘ಏಣಿ ಸೋಮವಾರ ತೂಕ ಮಾಡಿತು.’ ಸೋಮವಾರ ಬರೀ ವಾರದ ದಿನವಾಗಿ ಬಿದ್ದುಹೋಯಿತು, ತಕ್ಕಡಿ ಏರಲಿಲ್ಲ. ಮಾತಿನಲ್ಲಿ ಆ ಪ್ರತ್ಯಯ ನುಂಗುವುದು ನಮಗೆ ರೂಢಿ, ಈ ಆಟದಲ್ಲಿ ನುಂಗಬಾರದು. ಆರನೆಯದರಲ್ಲಿ ಸಕರ್ಮಕ ಕ್ರಿಯಾಪದವೇ ಬೇಕು. ‘ಮಲಗಿತು’, ‘ಹೋಯಿತು’ ಬಂದರೆ ಕರ್ಮ ಗಾಳಿಯಲ್ಲಿ ನೇತಾಡುತ್ತದೆ. ನುಂಗು, ಮಡಚು, ಒರೆಸು, ಹರಾಜು ಹಾಕು, ಸಾಲ ಕೊಡು: ಇಂಥವು ಕೆಲಸಕ್ಕೆ ಬರುತ್ತವೆ.

ಬಿಡಿಸಿ ಓದುವಾಗ ಪ್ರತ್ಯಯ ತಿದ್ದಬಹುದು, ಪದ ಮುಟ್ಟಬಾರದು. ಒಂದು ಸಂಜೆಗೆ 30 ವಾಕ್ಯ ಬಂದರೆ ಎರಡು ಮೂರನ್ನು ಇಟ್ಟುಕೊಳ್ಳಿ. ಉಳಿದವು ಬರೀ ತಮಾಷೆ, ಮರುದಿನಕ್ಕೆ ಹಳಸುತ್ತವೆ.

ಇರುವೆಯ ಅಳತೆ

1944ರಲ್ಲಿ ಬಂದ ದೆಸ್ನೋಸ್‌ನ ಮಕ್ಕಳ ಪದ್ಯಗಳಲ್ಲಿ ಒಂದು ಇರುವೆಯಿದೆ. ಉದ್ದ 18 ಮೀಟರ್, ತಲೆಯ ಮೇಲೆ ಟೋಪಿ. ಪೆಂಗ್ವಿನ್ನು, ಬಾತುಕೋಳಿ ತುಂಬಿದ ಗಾಡಿ ಎಳೆಯುತ್ತದೆ. ಫ್ರೆಂಚ್, ಲ್ಯಾಟಿನ್, ಜಾವಾ ಭಾಷೆ ಮಾತಾಡುತ್ತದೆ. ಪ್ರತಿಯೊಂದಾದ ಮೇಲೂ ಅಂಥದ್ದು ಇಲ್ಲವೇ ಇಲ್ಲ ಎಂದು ಪದ್ಯವೇ ತಳ್ಳಿಹಾಕುತ್ತದೆ, ಕಡೆಗೆ ಯಾಕಿರಬಾರದು ಎಂದು ಕೇಳಿ ಮುಗಿಯುತ್ತದೆ. ಪುಸ್ತಕದ ಮೇಲೆ, ಯಾವ ಧಾಟಿಗಾದರೂ ಹಾಡಿಕೊಳ್ಳಿ ಎಂಬ ಸೂಚನೆ ಬೇರೆ.

ಇಲ್ಲಿ ಕೆಲಸ ಮಾಡುವುದು ಅಂಕಿ. 18 ಮೀಟರ್ ಎಂದರೆ ಸಿಟಿ ಬಸ್ಸಿನ ಒಂದೂವರೆ ಪಟ್ಟು, ಕಣ್ಣಲ್ಲಿ ನಿಲ್ಲಿಸಬಹುದು. ‘ದೈತ್ಯ ಇರುವೆ’ ಎಂದಿದ್ದರೆ ಮಕ್ಕಳು ಕೂಡ ತಿರುಗಿ ನೋಡುತ್ತಿರಲಿಲ್ಲ. ಮನೆಯ ಒಂದು ಸಣ್ಣ ಜೀವಿ ಆರಿಸಿ, ಒಂದು ಖಚಿತ ಅಳತೆ, ಒಂದು ಉಡುಪು ಅಥವಾ ಸಾಮಾನು, ಒಂದು ಉದ್ಯೋಗ, ಒಂದು ಭಾಷೆ ಕೊಡಿ. ‘ಹನ್ನೊಂದು ಕಿಲೋ ತೂಗುವ ನೊಣ, ಕಂಕುಳಲ್ಲಿ ರೇಷನ್ ಕಾರ್ಡು’ ಎನ್ನುವುದು ಸರಿಯಾದ ಆರಂಭ. ಪ್ರತಿ ಸಾಲಿಗೂ ‘ಇಲ್ಲಪ್ಪ, ಸುಳ್ಳು’ ಎಂಬ ತಳ್ಳಿಹಾಕುವಿಕೆ ಇರಲೇಬೇಕು. ಅದಿಲ್ಲದೆ ಬರೀ ವಿಚಿತ್ರಗಳ ಪಟ್ಟಿ ಪೇರಿಸಿದರೆ ನಾಲ್ಕನೇ ಸಾಲಿಗೆ ಆಕಳಿಕೆ ಬರುತ್ತದೆ.

ರಾತ್ರಿಗೊಂದು

1936ರಲ್ಲಿ ದೆಸ್ನೋಸ್ ತನಗೊಂದು ಕಟ್ಟಳೆ ಹಾಕಿಕೊಂಡ: ಪ್ರತಿ ರಾತ್ರಿ ಮಲಗುವ ಮುಂಚೆ ಒಂದು ಕವಿತೆ, ವಿಷಯ ಇರಲಿ ಇಲ್ಲದಿರಲಿ, ದಣಿದಿರಲಿ ಬಿಡಲಿ. ಹಗಲೆಲ್ಲ ರೇಡಿಯೊ ಕೆಲಸ ಮಾಡಿ ಬಂದವನ ಕಟ್ಟಳೆ ಇದು. ಬರೆದದ್ದರಲ್ಲಿ ಅಚ್ಚಿಗೆ ಕೊಟ್ಟದ್ದು ಒಂದು ಪಾಲು ಮಾತ್ರ.

ನೀವು 30 ರಾತ್ರಿ ಇಟ್ಟುಕೊಳ್ಳಿ. ಎಂಟರಿಂದ ಹನ್ನೆರಡು ಸಾಲು, 15 ನಿಮಿಷ, ಮೇಲೆ ತಾರೀಖು. ಕಚ್ಚಾಮಾಲು ಹಗಲಿನ ನೋಟ್‌ಬುಕ್ಕಿನಿಂದಲೇ ಬರಲಿ: ನಕಲು ಮಾಡಿದ ಬೋರ್ಡು, ಡಬ್ಬಿಯ ಅಳತೆ, ಮಡಿಕೆ ಕಾಗದದ ವಾಕ್ಯ. ಎರಡನೆಯ ವಾರ ಸಾಮಾನ್ಯವಾಗಿ ಕಷ್ಟ, ಹೇಳುವುದೆಲ್ಲ ಮುಗಿದಿರುತ್ತದೆ. ಆಗಲೇ ಬಿಡಬಾರದು. ಏನೂ ಹೊಳೆಯದ ರಾತ್ರಿ, ಕೋಣೆಯಲ್ಲಿ ಕಾಣುವ ಎಂಟು ವಸ್ತುಗಳಿಗೆ ಎಂಟು ಸಾಲು ಬರೆದು ಮಲಗಿ. ಹಿಂದಿನದನ್ನು ತಿರುಗಿ ಓದಬೇಡಿ, ಯಾರಿಗೂ ತೋರಿಸಬೇಡಿ, ವಾಟ್ಸಾಪ್ ಸ್ಟೇಟಸ್ಸಿಗಂತೂ ಹಾಕಲೇಬೇಡಿ. ಲೈಕು ಬಿದ್ದ ಧಾಟಿಯನ್ನೇ ಮರುದಿನವೂ ಕೈ ಹುಡುಕುತ್ತದೆ. 31ನೇ ದಿನ ಎಲ್ಲವನ್ನೂ ಒಂದೇ ಕೂರಿಕೆಯಲ್ಲಿ ಓದಿ, ಮೂರನ್ನು ಆರಿಸಿ, ಅವನ್ನು ಮಾತ್ರ ತಿದ್ದಿ.

ದೆಸ್ನೋಸ್‌ನನ್ನೇ ಓದಲು, ಹಂಚಿಕೊಳ್ಳಲು

ಇರುವೆ ಪದ್ಯದಿಂದ ಶುರುಮಾಡಿ. ಅಲ್ಲಿಂದ 1926ರ ಪ್ರೇಮಕವಿತೆಗಳಿಗೆ ಹೋಗಿ. ಶಬ್ದದಾಟಗಳನ್ನು ಫ್ರೆಂಚ್ ಬಲ್ಲವರಿಂದ ಓದಿಸಿ ಕೇಳಿ, ಸದ್ದೇ ಅವುಗಳ ಸತ್ವ. ಕೊನೆಗೆ ಯುದ್ಧಕಾಲದವು. ಜರ್ಮನ್ ಆಕ್ರಮಣದ ವೇಳೆ ಪ್ಯಾರಿಸ್ಸಿನಲ್ಲಿ ಪತ್ರಿಕೆಯ ಕೆಲಸ ಮಾಡುತ್ತಲೇ ಆತ ಗುಪ್ತ ಪ್ರತಿರೋಧದ ಜಾಲವೊಂದಕ್ಕೆ ಮಾಹಿತಿ ದಾಟಿಸುತ್ತಿದ್ದ. 1943ರ ಜುಲೈ 14ರಂದು ಕಳ್ಳ ಅಚ್ಚಿನಲ್ಲಿ ಬಂದ ಕವನ ಸಂಕಲನದಲ್ಲಿ ಆತನ ಕವಿತೆ ಪಿಯೆರ್ ಆಂದಿಯೆ ಎಂಬ ಸುಳ್ಳು ಹೆಸರಿನಲ್ಲಿದೆ. ಯುದ್ಧವನ್ನು ದ್ವೇಷಿಸುತ್ತಿದ್ದ ಎದೆ ಈಗ ಯುದ್ಧಕ್ಕಾಗಿ ಬಡಿದುಕೊಳ್ಳುವುದನ್ನು ಕಂಡು ತಾನೇ ಬೆರಗಾಗುವ ಕವಿತೆ ಅದು.

1944ರ ಫೆಬ್ರವರಿ 22ರಂದು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆತನನ್ನು ಹಿಡಿದು ಶಿಬಿರದಿಂದ ಶಿಬಿರಕ್ಕೆ ಸಾಗಿಸಿತು. ಕಾಂಪಿಯೇನ್, ಆಶ್ವಿಟ್ಸ್, ಬುಕೆನ್‌ವಾಲ್ಡ್, ಫ್ಲೋಸೆನ್‌ಬ್ಯೂರ್ಗ್, ಫ್ಲೋಹಾ, ಕಡೆಗೆ ಚೆಕ್ ನೆಲದ ತೆರೆಜಿನ್. ಅಲ್ಲಿ ಬಿಡುಗಡೆಯಾದ ಮೇಲೆ, ಟೈಫಸ್ ಜ್ವರದಿಂದ, 1945ರ ಜೂನ್ 8ರಂದು ತೀರಿಕೊಂಡ. ರೋಗಿಗಳ ಪಟ್ಟಿಯಲ್ಲಿ ಹೆಸರು ಕಂಡು ಗುರುತು ಹಿಡಿದದ್ದು ಒಬ್ಬ ಚೆಕ್ ವಿದ್ಯಾರ್ಥಿ. ಸಮಾಧಿ ಪ್ಯಾರಿಸ್ಸಿನ ಮೊಂಪಾರ್ನಾಸಿನಲ್ಲಿದೆ.

ಆತನ ‘ಕೊನೆಯ ಕವಿತೆ’ ಎಂದು, ಶಿಬಿರದಲ್ಲಿ ಸಂಗಾತಿ ಯೂಕಿಗಾಗಿ ಬರೆದದ್ದೆಂದು, ನಾಲ್ಕಾರು ಸಾಲುಗಳು ಇಂದಿಗೂ ಅಂತರ್ಜಾಲದಲ್ಲಿ ಓಡಾಡುತ್ತವೆ. ಹಂಚಿಕೊಳ್ಳುವ ಮುನ್ನ ತಿಳಿದಿರಿ: ಅದು ಶಿಬಿರದಲ್ಲಿ ಬರೆದದ್ದಲ್ಲ. 1926ರ ಪ್ರೇಮಕವಿತೆಯೊಂದರ ಕೊನೆಯ ಸಾಲುಗಳು ಚೆಕ್ ಭಾಷೆಗೆ ಅನುವಾದವಾಗಿದ್ದವು. 1945ರಲ್ಲಿ ಚೆಕ್ ಪತ್ರಿಕೆಯೊಂದು ಆತನ ಸಾವಿನ ಸುದ್ದಿಯ ಜೊತೆ ಅವನ್ನು ಅಚ್ಚುಹಾಕಿತು. ಮೂಲ ಯಾವುದೆಂದು ತಿಳಿಯದೆ ಅದನ್ನು ಮತ್ತೆ ಫ್ರೆಂಚಿಗೆ ತಿರುಗಿಸಿದರು, ಹೊಸ ಕವಿತೆ ಹುಟ್ಟಿಕೊಂಡಿತು. ಕನ್ನಡಕ್ಕೆ ತರುವುದಾದರೆ 1926ರ ಇಡೀ ಕವಿತೆಯನ್ನೇ ಹಿಡಿಯಿರಿ. ಕವಿ ತೀರಿಕೊಂಡು 60 ವರ್ಷ ದಾಟಿರುವುದರಿಂದ ಭಾರತದಲ್ಲಿ ಫ್ರೆಂಚ್ ಮೂಲಕ್ಕೆ ಹಕ್ಕಿನ ತೊಡಕಿಲ್ಲ. ಇಂಗ್ಲಿಷ್ ಅನುವಾದದಿಂದ ಮಾಡುವವರು ಮಾತ್ರ ಆ ಅನುವಾದಕರ ಅನುಮತಿ ಕೇಳಬೇಕು.